ಕಮೀಲ್ ಮಾಡಿದ ಶಕುಂತಲೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಅದೇ ಹೆಸರಿನ ಫ್ರೆಂಚ್ ಶಿಲ್ಪಿಯ ಬದುಕಿನ ಮೇಲೆ ತೆಗೆದ ‘ಕಮೀಲ್ ಕ್ಲೋದೆಲ್’ ಎಂಬ 1988ರ ಫ್ರೆಂಚ್ ಸಿನಿಮಾದ ಬಗ್ಗೆ ಬಂದ ಬರಹ ಓದಿದೆ. ಓದಿಸಿಕೊಂಡು ಹೋಯಿತು. ಆದರೆ ತಲೆಬರಹ ‘ಮಹಾಶಿಲ್ಪಿಯ ಪ್ರೇಯಸಿ’ ಅಂತಿತ್ತು. ಪಕ್ಕದಲ್ಲಿ ಆ ಮಹಾಶಿಲ್ಪಿ ರೋದಾ ಮಾಡಿದ ‘ಚುಂಬನ’ ಶಿಲ್ಪದ ಫೋಟೊ. ಕಮೀಲ್ ಕೈಯಿಂದ ಆದದ್ದು ಒಂದೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು ಶಿರಸಿಯ ಗುಡಿಗಾರರ ಮನೆಯ ಸೊಸೆ. ಮಾವ ಗಂಧದ ಕೆತ್ತನೆಯವರು. ಮಳೆಗಾಲ ಹಿಡಿದರೆ ಮನೆ ತುಂಬ ಚೌತಿ ಗಣಪತಿಯ ಮಣ್ಣು. ಮಗಳು ಲ್ಯಾಪ್‌ಟಾಪಿನಲ್ಲಿ ಈ ಸಿನಿಮಾ ಹಾಕಿಕೊಟ್ಟಳು. ಹೆಚ್ಚುಕಡಿಮೆ ಮೂರು ತಾಸು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ನನಗೆ ಅರ್ಧ ತಪ್ಪಿಹೋಯಿತು. ಆದರೆ ಶುರುವಿನಲ್ಲೇ ಆ ಹುಡುಗಿ ರಾತ್ರಿ ಚಳಿಯಲ್ಲಿ ಹೊಂಡಕ್ಕಿಳಿದು, ಜೇಡಿಮಣ್ಣು ಬಗೆದು ಸೂಟ್‌ಕೇಸಿಗೆ ತುಂಬುತ್ತಾಳಲ್ಲ, ಅದಕ್ಕೆ ಯಾವ ಅಕ್ಷರವೂ ಬೇಕಾಗಲಿಲ್ಲ. ಒಳ್ಳೆ ಮಣ್ಣು ಕಂಡರೆ ಬಿಟ್ಟುಬರಲು ಮನಸ್ಸಾಗುವುದಿಲ್ಲ. ಗದ್ದೆ ಬದಿಯಲ್ಲಿ ನಾನೂ ಸೀರೆ ಸೆರಗಿಗೆ ಕಟ್ಟಿಕೊಂಡು ಬಂದವಳೇ.

ರೋದಾ ಅವಳಿಗಿಂತ 24 ವರ್ಷ ದೊಡ್ಡವನು. ಸ್ಟುಡಿಯೋಕ್ಕೆ ಸೇರಿಸಿಕೊಂಡ ಮೇಲೆ ತನ್ನ ದೊಡ್ಡ ಮೂರ್ತಿಗಳ ಕೈಕಾಲು ಮಾಡುವ ಕೆಲಸ ಅವಳಿಗೆ ಕೊಡುತ್ತಿದ್ದನಂತೆ. ಕೈಕಾಲೇ ಕಷ್ಟ, ಮಾಡಿದವರಿಗೆ ಗೊತ್ತು. ನಮ್ಮನೆಯ ಗಣಪತಿಗೂ 26 ವರ್ಷದಿಂದ ಬೆರಳು ನನ್ನದೇ. ಹೊಟ್ಟೆ, ಸೊಂಡಿಲು ಗಂಡಸರು ಎತ್ತುತ್ತಾರೆ. ಕಣ್ಣು ಬರೆಯುವವರು ಮೊದಲು ಮಾವ, ಈಗ ನಮ್ಮ ಯಜಮಾನರು. ಗಣಪತಿ ಒಯ್ಯಲು ಬಂದವರು ‘ಎಷ್ಟು ಚಂದ ಮಾಡಿದ್ದೀರಿ’ ಅನ್ನುವುದು ಅವರಿಗೇ. ಬೇಜಾರಿಲ್ಲ. ಸ್ವಲ್ಪ ಇದೆ.

ಸಿನಿಮಾ ಅವಳನ್ನು ಮಾನಸಿಕ ಆಸ್ಪತ್ರೆಗೆ ಸಾಗಿಸುವಲ್ಲಿಗೆ ಮುಗಿಯುತ್ತದೆ. ಅದು 1913ರ ಮಾರ್ಚ್. ಅಪ್ಪ ತೀರಿಕೊಂಡು ಒಂದು ವಾರ ಕಳೆದಿತ್ತಷ್ಟೆ. ಅಲ್ಲಿಂದ 30 ವರ್ಷ, 1943ರಲ್ಲಿ ಸಾಯುವ ತನಕ, ಅವಳು ಹೊರಗೆ ಬರಲಿಲ್ಲ. ಮನೆಗೆ ಕರೆದೊಯ್ಯಬಹುದು ಅಂತ ವೈದ್ಯರೇ ಹೇಳಿದರೂ ತಾಯಿ ಒಪ್ಪಲಿಲ್ಲ. ಒಮ್ಮೆಯೂ ನೋಡಲು ಹೋಗಲಿಲ್ಲ. ನಿಮ್ಮ ಬರಹದಲ್ಲಿ ‘ಪ್ರೇಮದಲ್ಲಿ ಸೋತು ಹುಚ್ಚಿಯಾದಳು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಮನೆಯವರ ಪಾಲಿಗೂ ಒಂದು ಸಾಲು ಸಲ್ಲಬೇಕಿತ್ತು, ಅಲ್ವಾ?

ಇನ್ನು ಆ ಫೋಟೊದ ವಿಷಯ. ಕಮೀಲ್ ನಮ್ಮ ಕಾಳಿದಾಸನ ಶಕುಂತಲೆಯನ್ನು ಮಾಡಿದ್ದಾಳೆ! 1888ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಅದಕ್ಕೆ ಗೌರವದ ಮನ್ನಣೆ ಸಿಕ್ಕಿತ್ತು. ಆಗ ಅವಳಿಗೆ 23. ಮಗಳು ಫೋನಿನಲ್ಲಿ ತೋರಿಸಿದಾಗ ಒಲೆ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ದುಷ್ಯಂತ ಮಂಡಿಯೂರಿದ್ದಾನೆ. ಅವಳು ಅವನ ಕಡೆ ವಾಲಿದ್ದಾಳೆ. ನಾವು ಶಾಲೆಯಲ್ಲಿ ಓದಿದ್ದು ಉಂಗುರ ಕಳೆದ ಕಥೆ. ಇವಳು ಹಿಡಿದದ್ದು ಮರೆತವನು ತಿರುಗಿ ಬಂದ ಗಳಿಗೆ. ‘ಚುಂಬನ’ದ ಇಬ್ಬರಿಗೆ ಲೋಕದ ಗೊಡವೆಯೇ ಇಲ್ಲ. ಇಲ್ಲಿ ಗಂಡಸು ತಪ್ಪು ಮಾಡಿ ಬಂದಿದ್ದಾನೆ, ಅವನ ಬೆನ್ನು ನೋಡಿದರೇ ತಿಳಿಯುತ್ತದೆ.

ಮುಂದಿನ ವಾರ ಜಾಗ ಇದ್ದರೆ ಈ ಶಕುಂತಲೆಯ ಫೋಟೊ ಹಾಕಿ. ಕಪ್ಪು ಬಿಳುಪಾದರೂ ಅಡ್ಡಿಲ್ಲ. ಕೆಳಗೆ ಕಮೀಲ್ ಕ್ಲೋದೆಲ್ ಅಂತ ಹೆಸರಿದ್ದರೆ ಸಾಕು.

— ಓದುಗಳು, ಶಿರಸಿ