ಗರ್ಭಧಾರಣೆಗೆ ಮೊದಲೇ ಸಿಗಬೇಕಾದ ಸಲಹೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿಯುವವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಆನುವಂಶಿಕ ಕಾಯಿಲೆ ಮಗುವಿಗೆ ಬರುವ ಸಾಧ್ಯತೆಯಿರುವ ದಂಪತಿಗಳಿಗೆ ಆಪ್ತಸಮಾಲೋಚನೆ ಸಿಗುವುದು ಅನೇಕ ಸಲ ಮೊದಲ ಮಗುವಿನಲ್ಲಿ ಆ ಕಾಯಿಲೆ ಪತ್ತೆಯಾದ ಮೇಲೆಯೇ. ಅದನ್ನು ಗರ್ಭಧಾರಣೆಗೆ ಮುಂಚಿನ ಸೇವೆಯನ್ನಾಗಿ ರೂಪಿಸಬೇಕೆಂಬುದು ನನ್ನ ವಿನಂತಿ.

ದೇಹವು ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸಲಾರದೆ ಪದೇಪದೇ ರಕ್ತ ಕೊಡಿಸಬೇಕಾಗುವ ಬೀಟಾ ಥಲಸ್ಸೀಮಿಯಾದ ವಿಷಯವನ್ನೇ ನೋಡಿ. ಇದರ ವಾಹಕರು, ಅಂದರೆ ಎರಡು ಜೀನ್‌ಗಳಲ್ಲಿ ಒಂದರಲ್ಲಷ್ಟೇ ದೋಷವಿರುವವರು, ಆರೋಗ್ಯವಂತರಾಗಿಯೇ ಇರುತ್ತಾರೆ, ಹೆಚ್ಚೆಂದರೆ ತುಸು ರಕ್ತಹೀನತೆ ಇರಬಹುದು. ಅವರ ವರದಿಯಲ್ಲಿ ಕೆಂಪು ರಕ್ತಕಣಗಳ ಗಾತ್ರ ಚಿಕ್ಕದಿದ್ದರೂ ಎಣಿಕೆ ಸಾಮಾನ್ಯವಾಗಿ ಕಡಿಮೆಯಿರುವುದಿಲ್ಲ, ಹೆಚ್ಚಿರುವುದೂ ಉಂಟು. ಈ ಸುಳಿವನ್ನು ಗಮನಿಸದೆ, ಕಬ್ಬಿಣಾಂಶದ ಕೊರತೆಯೆಂದೇ ಬಗೆದು ತಿಂಗಳುಗಟ್ಟಲೆ ಮಾತ್ರೆ ಕೊಡಲಾಗುತ್ತದೆ. ಹಿಮೋಗ್ಲೋಬಿನ್‌ನ ಒಂದು ಬಗೆಯಾದ ಹಿಮೋಗ್ಲೋಬಿನ್ ಎ2 ಪ್ರಮಾಣ ಶೇ. 3.5ಕ್ಕಿಂತ ಹೆಚ್ಚಿದೆಯೇ ಎಂದು ಅಳೆದು ನೋಡಿದರೆ ಬಹುತೇಕ ವಾಹಕರು ಪತ್ತೆಯಾಗುತ್ತಾರೆ. ಆದರೆ ಪತ್ತೆಯಾದ ಮೇಲೂ ವರದಿಯ ಅಡಿಯಲ್ಲಿ ಒಂದು ಸಾಲು ಅಚ್ಚಾಗಿ ಕಡತ ಸೇರುತ್ತದೆಯೇ ಹೊರತು, ಸಂಗಾತಿಯ ರಕ್ತವನ್ನೂ ಪರೀಕ್ಷಿಸಬೇಕೆಂದು ಕೂರಿಸಿ ಹೇಳುವವರು ಇರುವುದಿಲ್ಲ.

ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ನಾಲ್ಕರಲ್ಲಿ ಒಂದು ಎಂದಷ್ಟೇ ಹೇಳಿ ಕಳಿಸಿದರೆ, ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದುಕೊಳ್ಳುವವರಿದ್ದಾರೆ. ನುರಿತ ಸಮಾಲೋಚಕರು ದಂಪತಿಯ ಕೈಗೇ ಒಂದೊಂದು ನಾಣ್ಯ ಕೊಟ್ಟು ಚಿಮ್ಮಿಸಿ, ದೋಷವಿರುವ ಜೀನ್ ಎಂದು ಗುರುತು ಹಾಕಿದ ಮುಖವೇ ಎರಡರಲ್ಲೂ ಈಗಷ್ಟೇ ಮೇಲಾಗಿ ಬಿದ್ದಿದ್ದರೂ ಮುಂದಿನ ಸಲ ಹಾಗೆಯೇ ಬೀಳುವ ಸಂಭವ ಒಂದಿಷ್ಟೂ ತಗ್ಗುವುದಿಲ್ಲವೆಂದು ತೋರಿಸುತ್ತಾರೆ. ತಾಯಿಯೊಬ್ಬಳ ಮೇಲೇ ಹೊರಿಸುವ ದೋಷ ಕಳಚುವುದೂ ಇದೇ ಮಾತುಕತೆಯಲ್ಲಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾದ ಲೆಕ್ಕ ಬೇರೆ: ತಾಯಿ ವಾಹಕಳಾಗಿದ್ದರೆ ಪ್ರತಿ ಗಂಡುಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಕರಪತ್ರವೊಂದನ್ನು ಹಂಚಿ ಮುಗಿಸುವ ಕೆಲಸ ಇದಲ್ಲ.

ಸಮಯದ ಪ್ರಶ್ನೆ ಇನ್ನೂ ಕಠಿಣವಾದುದು. ಭ್ರೂಣದ ಪರೀಕ್ಷೆಗಾಗಿ ಮಾಸಿನ (ಪ್ಲಾಸೆಂಟಾದ) ಅಂಶವನ್ನು ತೆಗೆಯುವುದು ಸುಮಾರು 11ನೇ ವಾರದ ನಂತರ, ಗರ್ಭಜಲವನ್ನು ತೆಗೆಯುವುದು 15ನೇ ವಾರದ ನಂತರ. ಅದಕ್ಕೂ ಮುನ್ನ ತಂದೆತಾಯಿಯರ ಜೀನ್‌ನಲ್ಲಿರುವ ದೋಷ ಯಾವುದೆಂದು ಗುರುತಿಸಿರಬೇಕು. ಮೂರನೇ ತಿಂಗಳಲ್ಲಿ ಮೊದಲ ಸಲ ಆಸ್ಪತ್ರೆಗೆ ಬಂದ ಗರ್ಭಿಣಿಗೆ ಈ ಸರಪಳಿ ಮುಗಿಯುವಷ್ಟರಲ್ಲಿ ಯೋಚಿಸಲು ಉಳಿಯುವುದು ಕೆಲವೇ ದಿನಗಳು. ಮೊದಲೇ ತಿಳಿದವರಿಗಾದರೋ ಪ್ರನಾಳ ಶಿಶು ವಿಧಾನದಲ್ಲಿ ಭ್ರೂಣವನ್ನು ಪರೀಕ್ಷಿಸಿ ಗರ್ಭಕೋಶಕ್ಕೆ ಸೇರಿಸುವುದು, ದಾನಿಯ ಅಂಡ ಅಥವಾ ವೀರ್ಯ, ದತ್ತು, ಮಕ್ಕಳೇ ಬೇಡವೆಂಬ ತೀರ್ಮಾನ, ಅಥವಾ ಬಂದದ್ದಕ್ಕೆ ಸಿದ್ಧರಾಗಿಯೇ ಮುಂದುವರಿಯುವುದು, ಹೀಗೆ ಹಲವು ದಾರಿಗಳಿವೆ.

ಇಲ್ಲಿ ಒಂದು ಆತಂಕವನ್ನೂ ಹೇಳಬೇಕು. ಸೈಪ್ರಸ್ ದೇಶ 1970ರ ದಶಕದಿಂದ ಥಲಸ್ಸೀಮಿಯಾ ತಪಾಸಣೆ ನಡೆಸಿ ಹೊಸ ಪ್ರಕರಣಗಳನ್ನು ಬಹುಮಟ್ಟಿಗೆ ಇಳಿಸಿರುವುದು ನಿಜ. ಆದರೆ ಆ ಇಳಿಕೆಯನ್ನೇ ಗುರಿಯೆಂದು ಸಿಬ್ಬಂದಿಯ ಮುಂದಿಟ್ಟರೆ ಸಲಹೆ ಒತ್ತಾಯವಾಗಿ ಮಾರ್ಪಡುತ್ತದೆ. ಗರ್ಭ ಧರಿಸುವ ಮೊದಲೇ ತಮ್ಮಿಬ್ಬರ ಫಲಿತಾಂಶವನ್ನೂ ಅರಿತಿದ್ದ ದಂಪತಿಗಳೆಷ್ಟು ಎಂಬುದನ್ನು ಇಲಾಖೆ ಎಣಿಸಲಿ.

ಆದ್ದರಿಂದ, ವಾಹಕರೆಂದು ಗೊತ್ತಾದವರ ಒಪ್ಪಿಗೆ ಪಡೆದು ಸಂಗಾತಿಯನ್ನು ಪರೀಕ್ಷೆಗೆ ಕರೆಸುವ ಹೊಣೆಯನ್ನು ಆಸ್ಪತ್ರೆಗೇ ವಹಿಸಬೇಕೆಂದೂ, ತರಬೇತಿ ಪಡೆದ ಸಮಾಲೋಚಕರ ಹುದ್ದೆಯನ್ನೂ ಬಾಗಿಲು ಮುಚ್ಚಿ ಮಾತಾಡಬಹುದಾದ ಒಂದು ಕೋಣೆಯನ್ನೂ ಒದಗಿಸಬೇಕೆಂದೂ, ಫಲಿತಾಂಶ ಬಂಧುಗಳಿಗಾಗಲಿ ಉದ್ಯೋಗದಾತರಿಗಾಗಲಿ ತಲುಪದಂತೆ ನಿಯಮ ಮಾಡಬೇಕೆಂದೂ ಕೋರುತ್ತೇನೆ. ಎಲ್ಲವನ್ನೂ ತಿಳಿದೇ ಮಗುವನ್ನು ಪಡೆದ ದಂಪತಿಗೆ, ಆ ಮಗುವಿಗೆ ಬೇಕಾದ ರಕ್ತದಲ್ಲಾಗಲಿ, ಪದೇಪದೇ ರಕ್ತ ಕೊಡುವುದರಿಂದ ಮೈಯಲ್ಲಿ ಶೇಖರವಾಗುವ ಕಬ್ಬಿಣಾಂಶವನ್ನು ಹೊರಹಾಕುವ ಔಷಧದಲ್ಲಾಗಲಿ ಯಾವ ಕಡಿತವೂ ಆಗಕೂಡದೆಂಬುದನ್ನು ಅದೇ ಆದೇಶದಲ್ಲಿ ಸೇರಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ರಕ್ತಪರೀಕ್ಷಾ ವಿಭಾಗದ ಒಬ್ಬ ತಂತ್ರಜ್ಞ