ತೂಕ ನೋಡುವಾಗ ಇದನ್ನೂ ಕೇಳಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ವಿಜಯಪುರದಿಂದ ನಮಸ್ಕಾರಗಳು.

ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ಗಳಲ್ಲಿ ಬಿಪಿ, ಶುಗರ್, ತೂಕ ನೋಡುತ್ತಾರೆ. ಅಲ್ಲೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಸಿ: "ತಿನ್ನಾಕ ಶುರು ಮಾಡಿದ ಮ್ಯಾಲ ನಿಲ್ಲಸಾಕ ಆಗೂದಿಲ್ಲ ಅನಸ್ತದೇನ್ರಿ?"

ನನ್ನ ತಂಗಿಗೆ ಇದನ್ನು ಯಾರೂ ಕೇಳಲಿಲ್ಲ. ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು, "ಬಾಯಿ ಕಟ್ಟ್ರಿ." ಅವಳು ಕಟ್ಟಿದಳು. ಹಗಲೆಲ್ಲ ಉಪವಾಸ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಸಿವಿಲ್ಲದಿದ್ದರೂ ಗಬಗಬನೆ ತಿಂದು, ಹೊಟ್ಟೆ ಬಿರಿಯುವಂತಾಗಿ, ಆಮೇಲೆ ಅಳು. ಬಾಯಿ ಕಟ್ಟಿದಷ್ಟೂ ಇದು ಜೋರಾಯಿತು.

ಇದು ಬಿಂಜ್ ಈಟಿಂಗ್. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲೇ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಒಪ್ಪಿದೆ. ಅದು ಹೇಳುವ ಲಕ್ಷಣಗಳು ಇವು: ಎರಡು ಗಂಟೆಯೊಳಗೆ, ಅದೇ ಸಂದರ್ಭದಲ್ಲಿ ಬೇರೆಯವರು ತಿನ್ನುವುದಕ್ಕಿಂತ ತುಂಬಾ ಜಾಸ್ತಿ ತಿನ್ನುವುದು, ನಿಲ್ಲಿಸುವ ಹಿಡಿತ ತಪ್ಪುವುದು, ಅದರಿಂದ ಸಂಕಟಪಡುವುದು. ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳು. ತಿಂದದ್ದನ್ನು ವಾಂತಿ ಮಾಡಿ ಹೊರಹಾಕುವ ಅಭ್ಯಾಸವಿದ್ದರೆ ಅದು ಬೇರೆ ಕಾಯಿಲೆ.

"ಅದೇ ಸಂದರ್ಭದಲ್ಲಿ" ಎಂಬುದು ನಮ್ಮ ಕಡೆ ತುಂಬಾ ಮುಖ್ಯ. ದಿನವಿಡೀ ಹೊಲದಲ್ಲಿ ದುಡಿದವರು ಐದು ಜೋಳದ ರೊಟ್ಟಿ ತಿಂದರೆ ಅದು ರೋಗವಲ್ಲ. ಮದುವೆಯಲ್ಲಿ ಒತ್ತಾಯಕ್ಕೆ ಎರಡು ಹೋಳಿಗೆ ಜಾಸ್ತಿ ಆದರೂ ಅಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಇನ್ನೂ ಮುಂದೆ ಹೋಗುತ್ತದೆ. ತಿಂದದ್ದು ಅಷ್ಟೇನೂ ಜಾಸ್ತಿ ಇಲ್ಲದಿದ್ದರೂ, ಹಿಡಿತ ತಪ್ಪುತ್ತಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ. ನನಗೆ ಇದೇ ಸರಿ ಅನಿಸುತ್ತದೆ. ರೊಟ್ಟಿ ಎಣಿಸುತ್ತಾ ಕೂತರೆ ನಿಜವಾಗಿ ನರಳುವವರು ಕಾಣುವುದೇ ಇಲ್ಲ. ದಪ್ಪಗಿರುವವರಿಗೆ ಮಾತ್ರ ಬರುವ ಕಾಯಿಲೆಯೂ ಇದಲ್ಲ.

ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿಂದ ಬಹಳ ಜನರಿಗೆ ಅನುಕೂಲವಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಮ್ಮ ಇಲಾಖೆಯದ್ದೇ ಅಲ್ವಾ? ಮೇಲಿನ ಪ್ರಶ್ನೆಗೆ ಹೌದು ಎಂದವರನ್ನು ಎನ್‌ಸಿಡಿ ಕ್ಲಿನಿಕ್‌ನಿಂದ ನೇರವಾಗಿ ಅಲ್ಲಿಗೆ ಕಳಿಸುವ ವ್ಯವಸ್ಥೆ ಮಾಡಿ. ಅಲ್ಲಿನ ಆಪ್ತಸಮಾಲೋಚಕರಿಗೆ ಈ ಚಿಕಿತ್ಸೆಯಲ್ಲಿ ತರಬೇತಿ ಕೊಡಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ತೂಕದ ಯಂತ್ರದ ಪಕ್ಕದಲ್ಲೇ ಅಂಟಿಸಿ.

ದಯವಿಟ್ಟು ಈ ಪ್ರಶ್ನೆಯನ್ನು ಸಾಲಿನಲ್ಲಿ ನಿಲ್ಲಿಸಿ ಕೇಳುವುದು ಬೇಡ. ಪಕ್ಕದಲ್ಲಿ ಅತ್ತೆಯೋ ಗಂಡನೋ ನಿಂತಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಒಳಗೆ ಒಬ್ಬರನ್ನೇ ಕೂರಿಸಿ ಕೇಳುವಂತೆ ಸುತ್ತೋಲೆಯಲ್ಲೇ ಬರೆಯಿಸಿ.

ಇಂತಿ,
ಒಬ್ಬ ಅಕ್ಕ, ವಿಜಯಪುರ