ಅದೇ ಎತ್ತರ, ಬೇರೆಯೇ ಗಾಳಿ

ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಇಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೌಂಟ್ ವಾಷಿಂಗ್ಟನ್ 1,917 ಮೀಟರ್. ಅಂತರ ಬರೀ ಹದಿಮೂರು ಮೀಟರ್. ಅಲ್ಲಿನಂತೆ ಇಲ್ಲೂ ಮೇಲಕ್ಕೆ ಕಾರಿನ ರಸ್ತೆಯಿದೆ. ಸಾಲದ್ದಕ್ಕೆ 1869ರಿಂದ ಹಲ್ಲುಗಾಲಿಯ ರೈಲೂ ಓಡುತ್ತಿದೆ. ಚಿಕ್ಕಮಗಳೂರಿನ ಗಿರಿಗಳಲ್ಲಿ ಓಡಾಡಿ ಬೆಳೆದವರು ಇದನ್ನೆಲ್ಲ ಕೇಳಿ ಜೀನ್ಸ್, ಹತ್ತಿ ಟೀಶರ್ಟಿನಲ್ಲೇ ಹೊರಟುಬಿಡುವುದು ಸಹಜ. ಆದರೆ 1934ರ ಏಪ್ರಿಲ್ 12ರಂದು ಇದೇ ನೆತ್ತಿಯ ಮೇಲೆ ಗಂಟೆಗೆ 231 ಮೈಲಿ, ಅಂದರೆ 372 ಕಿಲೋಮೀಟರ್ ವೇಗದ ಗಾಳಿ ಬೀಸಿದ್ದು ದಾಖಲಾಗಿದೆ. ಆರು ದಶಕಗಳ ಕಾಲ ಅದು ಜಗತ್ತಿನ ದಾಖಲೆಯಾಗಿತ್ತು. ಜುಲೈ ತಿಂಗಳಲ್ಲೂ ಇಲ್ಲಿ ಹಿಮ ಬೀಳಬಹುದು. ಮುಳ್ಳಯ್ಯನಗಿರಿ ಇರುವುದು 13ನೇ ಅಕ್ಷಾಂಶದಲ್ಲಿ, ಇದು 44ರಲ್ಲಿ. ಬೇರೆ ಬೇರೆ ದಿಕ್ಕಿನಿಂದ ಬರುವ ಬಿರುಗಾಳಿಗಳ ಹಾದಿ ಇದರ ನೆತ್ತಿಯ ಮೇಲೆಯೇ ಕೂಡುತ್ತದೆ. ಸುಮಾರು 1,400 ಮೀಟರಿಗೇ ಮರಗಳು ಮುಗಿದು, ಅಲ್ಲಿಂದಾಚೆ ಬರೀ ಕಲ್ಲು, ಗಾಳಿ, ನೆಲಕ್ಕಂಟಿದ ಗಿಡ.

ಹಿಮ ಕರಗುವ ಕೆಸರಿನ ಕಾಲ ಮುಗಿದು ಹಾದಿಗಳು ಒಣಗಿವೆ. ಚಳಿಗಾಲವಿಡೀ ಮನೆಯೊಳಗೆ ಕುಳಿತ ಮೈಗೆ ಬೆಟ್ಟಕ್ಕಿಂತ ಒಳ್ಳೆಯ ಔಷಧಿ ಇಲ್ಲ ಎಂಬುದು ಈ ಪತ್ರಿಕೆಯ ಗಟ್ಟಿ ಅಭಿಪ್ರಾಯ. ಬೆಟ್ಟ ಹತ್ತುವ ಛಾತಿ ಎಂದರೆ ಹಲ್ಲು ಕಚ್ಚಿಕೊಂಡು ಮುಂದಕ್ಕೆ ಹೋಗುವುದು ಎಂದು ಹಲವರು ನಂಬಿದ್ದಾರೆ. ಚಾರಣ ಚೆನ್ನಾಗಿ ಬಲ್ಲವರು ಹಾಗೆ ನಡೆಯುವುದಿಲ್ಲ. ಉಸಿರು, ಹಗಲು, ನೀರು, ಒಣಬಟ್ಟೆ, ಮೊಣಕಾಲಿನ ಕಸುವು, ಪ್ರತಿಯೊಂದರಲ್ಲೂ ಅವರು ಒಂದಿಷ್ಟನ್ನು ಮಿಗಿಸಿಕೊಂಡೇ ನಡೆಯುತ್ತಾರೆ. ಹಾಗೆ ಮಿಗಿಸಿಕೊಂಡವರಿಗೆ ಮಾತ್ರ ತುದಿಯಲ್ಲಿ ಕುಳಿತು ಕಣಿವೆ ನೋಡುವ ಸುಖ ಸಿಗುತ್ತದೆ.

ಮೊದಲು ಉಸಿರಿನ ಮಾತು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗದಲ್ಲಿ ಹತ್ತಬೇಕು. ಮಾತು ತುಂಡಾದರೆ ನಿಲ್ಲಬೇಡಿ, ಹೆಜ್ಜೆ ಗಿಡ್ಡ ಮಾಡಿ. ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ಹೋಗಬೇಕು, ಏಕೆಂದರೆ ಮೈ ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ. ಹಿಂದುಳಿದವರಿಗಾಗಿ ಕಾದು, ಅವರು ಬಂದ ತಕ್ಷಣ ಎದ್ದು ಹೊರಡುವ ಗುಂಪಿನಲ್ಲಿ, ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಹಗಲಿನ ಲೆಕ್ಕಕ್ಕೆ, ಮೌಂಟ್ ವಾಷಿಂಗ್ಟನ್ ಇರುವ ವೈಟ್ ಮೌಂಟನ್ಸ್ ಬೆಟ್ಟಸಾಲಿನಲ್ಲಿ ಎಲ್ಲರೂ ಬಳಸುವ ಸೂತ್ರವೊಂದಿದೆ: ಪ್ರತಿ ಮೈಲಿಗೆ ಅರ್ಧ ಗಂಟೆ, ಏರುವ ಪ್ರತಿ 1,000 ಅಡಿಗೆ ಇನ್ನರ್ಧ ಗಂಟೆ. ಬುಡದ ಪಿಂಕಮ್ ನಾಚ್‌ನಿಂದ ಟಕರ್‌ಮನ್ ರವೀನ್ ಹಾದಿಯಲ್ಲಿ ಮೌಂಟ್ ವಾಷಿಂಗ್ಟನ್ನಿನ ತುದಿಗೆ 4.2 ಮೈಲಿ, ಏರು 4,250 ಅಡಿ. ಲೆಕ್ಕ ಹಾಕಿದರೆ ನಾಲ್ಕೂಕಾಲು ಗಂಟೆ. ಇದರಲ್ಲಿ ಊಟ, ವಿಶ್ರಾಂತಿ, ಫೋಟೋ ಸೇರಿಲ್ಲ. ಮಕ್ಕಳಿರುವ ಕುಟುಂಬ ಇದನ್ನು ಒಂದೂವರೆಯಿಂದ ಗುಣಿಸಿಕೊಳ್ಳುವುದು ಒಳ್ಳೆಯದು. ಇಳಿಯುವಾಗ ಸಮಯ ಅರ್ಧಕ್ಕರ್ಧ ಉಳಿಯುತ್ತದೆ ಎಂದುಕೊಳ್ಳಬೇಡಿ. ಇಲ್ಲಿನ ಹಳೆಯ ಹಾದಿಗಳು ಅಂಕುಡೊಂಕಾಗಿ ಸುತ್ತದೆ ನೇರವಾಗಿ ಬೆಟ್ಟದ ಮೈಮೇಲೆ ಹೋಗುತ್ತವೆ. ಬೇರು, ಬಂಡೆ, ಒದ್ದೆ ಕಲ್ಲು. ಇಳಿಯುವಾಗ ಪ್ರತಿ ಹೆಜ್ಜೆಯ ಭಾರ ತೊಡೆಯ ಮುಂಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ. ಅವು ಸೋತಾಗ ಹೊಡೆತ ಮೊಣಕಾಲಿಗೆ ಹೋಗುತ್ತದೆ. ಎರಡು ಊರುಗೋಲು ಹಿಡಿಯಿರಿ, ಇಳಿಯುವಾಗ ಅವನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ. ಹಿಂದಿನ ರಾತ್ರಿಯೇ ಕಾಲಿನ ಉಗುರು ಕತ್ತರಿಸಿ. ಇಳಿಜಾರಿನಲ್ಲಿ ಬೆರಳು ಶೂಸಿನ ಮುಂಭಾಗಕ್ಕೆ ಬಡಿದು ಉಗುರು ಕಪ್ಪಾಗುವುದು ತಪ್ಪುತ್ತದೆ.

ಕುಕ್ಕೆಯಿಂದ ಗಿರಿಗದ್ದೆ ದಾಟಿ ಕುಮಾರ ಪರ್ವತ ಹತ್ತಿದವರು ಏರಿನ ಲೆಕ್ಕದಲ್ಲಿ ಮೌಂಟ್ ವಾಷಿಂಗ್ಟನ್ನನ್ನೂ ಮೀರಿಸಿದ್ದಾರೆ. ಅವರ ಕಾಲುಗಳು ಇದಕ್ಕೆ ಸಿದ್ಧ, ಬಟ್ಟೆಗಳು ಮಾತ್ರ ಅಲ್ಲ. ನಮ್ಮ ಸೆಕೆಯಲ್ಲಿ ಹತ್ತಿಬಟ್ಟೆ ವರ. ಬೆವರು ಹೀರಿ ನಿಧಾನವಾಗಿ ಆರುತ್ತಾ ಮೈ ತಂಪಾಗಿಡುತ್ತದೆ. ಇಲ್ಲಿ ಅದೇ ಗುಣ ಮಾರಕ. ಏರುವಾಗ ನೆನೆದ ಹತ್ತಿ ಅಂಗಿ ಮರಗಳ ಸಾಲು ದಾಟಿದೊಡನೆ ಗಾಳಿಗೆ ಸಿಕ್ಕಿ ಮೈಯ ಶಾಖವನ್ನೆಲ್ಲ ಎಳೆದುಹಾಕುತ್ತದೆ. ಪ್ರತಿ 1,000 ಅಡಿಗೆ ಉಷ್ಣಾಂಶ 3ರಿಂದ 5 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಮೇಲೆ 40 ಡಿಗ್ರಿ (ಸೆಲ್ಸಿಯಸ್‌ನಲ್ಲಿ ಸುಮಾರು 4) ಇದ್ದು ಗಾಳಿ ಗಂಟೆಗೆ 50 ಮೈಲಿ ಬೀಸುತ್ತಿದ್ದರೆ ಚರ್ಮಕ್ಕೆ ತಾಗುವುದು 26 ಡಿಗ್ರಿ (ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 3). ಹಾಗಾಗಿ ಮೈಗೆ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯ ಅಂಗಿ, ಚೀಲದಲ್ಲಿ ಬೆಚ್ಚನೆಯ ಫ್ಲೀಸ್ ಮೇಲಂಗಿ, ಮಳೆ ಗಾಳಿ ಎರಡನ್ನೂ ತಡೆಯುವ ಜಾಕೆಟ್ ಮತ್ತು ಪ್ಯಾಂಟ್, ಟೋಪಿ, ಕೈಗವಸು. ಆಗಸ್ಟಿನಲ್ಲೂ ಇವು ಬೇಕು. ಜಾಕೆಟ್ಟನ್ನು ಚಳಿಯಾದ ಮೇಲೆ ಹಾಕಿಕೊಳ್ಳಬಾರದು. ಕೊನೆಯ ಮರಗಳ ಮರೆಯಲ್ಲಿ ನಿಂತು, ಒದ್ದೆ ಅಂಗಿ ಬದಲಿಸಿ, ಜಾಕೆಟ್ ಹಾಕಿ, ಒಂದು ತುತ್ತು ತಿಂದು ಬಯಲಿಗೆ ಕಾಲಿಡಬೇಕು.

ಮೈ ಶಾಖ ಕಳೆದುಕೊಳ್ಳುತ್ತಿರುವ ಲಕ್ಷಣವನ್ನು ಪಕ್ಕದವರೇ ಗುರುತಿಸಬೇಕು, ಏಕೆಂದರೆ ಚಳಿ ಮೊದಲು ಕೆಡಿಸುವುದು ವಿವೇಚನೆಯನ್ನು. ಸುಮ್ಮನೆ ಎಡವುವುದು, ಜಿಪ್ ಎಳೆಯಲಾಗದೆ ತಡಕಾಡುವುದು, ತೊದಲುವುದು, ಕಾರಣವಿಲ್ಲದೆ ಸಿಡುಕುವುದು. ಇವುಗಳಲ್ಲಿ ಎರಡು ಕಂಡರೂ ಚರ್ಚೆ ಬೇಡ: ಒಣಬಟ್ಟೆ, ಸಿಹಿ ತಿಂಡಿ, ತಕ್ಷಣ ಕೆಳಕ್ಕೆ.

ತಿನ್ನುವ ವಿಷಯದಲ್ಲಿ ನಮ್ಮ ಅಡುಗೆಮನೆ ಯಾವ ಅಂಗಡಿಯ ಎನರ್ಜಿ ಬಾರಿಗೂ ಕಡಿಮೆಯಿಲ್ಲ. ಗಂಟೆಗೆ 200ರಿಂದ 300 ಕ್ಯಾಲೊರಿ, ಹಸಿವಾಗುವ ಮೊದಲೇ. ಕಡಲೆಬೀಜದ ಚಿಕ್ಕಿ, ಹುರಿಗಡಲೆ ಬೆಲ್ಲ, ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿ. ಕೈಗವಸು ತೆಗೆಯದೆ ಬಾಯಿಗೆ ಹಾಕಿಕೊಳ್ಳುವಂಥದ್ದು ಜೇಬಿನಲ್ಲಿರಲಿ. ಚೀಲದ ತಳ ಸೇರಿದ ತಿಂಡಿಯನ್ನು ಯಾರೂ ಗಾಳಿಯಲ್ಲಿ ಹುಡುಕಿ ತಿನ್ನುವುದಿಲ್ಲ. ನೀರು ಗಂಟೆಗೆ ಅರ್ಧ ಲೀಟರ್, ಬಿಸಿಲಿದ್ದರೆ ಇನ್ನೂ ಹೆಚ್ಚು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಬರುತ್ತದೆ. ಉಪ್ಪುಕಡಲೆಯೋ ಉಪ್ಪಿನಕಾಯಿಯೋ ಜೊತೆಗಿರಲಿ.

ಇನ್ನು ಹಿಂತಿರುಗುವ ನಿರ್ಧಾರ. ಅದನ್ನು ಮನೆಯಲ್ಲಿ, ಚಹಾ ಕುಡಿಯುತ್ತಾ ಮಾಡಿಬಿಡಬೇಕು. ಇಷ್ಟು ಗಂಟೆಯಾದರೆ ಎಲ್ಲಿದ್ದರೂ ಹಿಂದಕ್ಕೆ ಎಂದು ಬರೆದಿಟ್ಟು, ಹೋಗದೆ ಮನೆಯಲ್ಲಿ ಉಳಿಯುವ ಒಬ್ಬರ ಕೈಗೆ ಆ ಚೀಟಿ ಕೊಡಿ. ವೈಟ್ ಮೌಂಟನ್ಸ್‌ನದೇ ಫ್ರಾಂಕೋನಿಯಾ ರಿಜ್ ಎಂಬ ಬೆಟ್ಟದ ಏಣು ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 9 ಮೈಲಿಯ ಸುತ್ತು, ಏರು 3,900 ಅಡಿ. ಫಾಲಿಂಗ್ ವಾಟರ್ಸ್ ಹಾದಿಯಲ್ಲಿ ಹತ್ತಿ ಓಲ್ಡ್ ಬ್ರೈಡಲ್ ಪಾತ್‌ನಲ್ಲಿ ಇಳಿಯುವುದು ಸರಿಯಾದ ಕ್ರಮ. ಜಲಪಾತಗಳ ಪಕ್ಕದ ಒದ್ದೆ ಬಂಡೆಗಳನ್ನು ಹತ್ತುವುದು ಸುಲಭ, ಇಳಿಯುವುದು ಅಪಾಯ. ಲಿಟಲ್ ಹೇಸ್ಟ್ಯಾಕ್ ತಲುಪಿದ ಮೇಲೆ ಲಫಾಯೆಟ್ ಶಿಖರದವರೆಗೆ 1.7 ಮೈಲಿ ಪೂರ್ತಿ ಬಯಲು, ಮರೆಯೇ ಇಲ್ಲ. ಗುಡುಗು ಕೇಳಿಸಿದರೆ, ಗಾಳಿ ಮಕ್ಕಳನ್ನು ತಳ್ಳುವಂತಿದ್ದರೆ ಹಿಂತಿರುಗಬೇಕಾದ್ದು ಲಿಟಲ್ ಹೇಸ್ಟ್ಯಾಕ್‌ನ ಮರಗಳ ಅಂಚಿನಿಂದಲೇ. ಅರ್ಧ ದಾರಿಗೆ ಹೋದ ಮೇಲೆ ಮುಂದಕ್ಕೂ ಹಿಂದಕ್ಕೂ ಒಂದೇ ದೂರ. ಹಿಂದಿನ ಸಂಜೆಯೂ ಹೊರಡುವ ಬೆಳಿಗ್ಗೆಯೂ ಮೌಂಟ್ ವಾಷಿಂಗ್ಟನ್ ಅಬ್ಸರ್ವೇಟರಿಯ ಎತ್ತರದ ಶಿಖರಗಳ ಹವಾಮಾನ ಮುನ್ಸೂಚನೆ ಓದಿ. ಫೋನಿನಲ್ಲಿ ಕಾಣುವುದು ಕಣಿವೆಯ ಊರಿನ ಹವೆ.

ಫೋನಿನ ಟಾರ್ಚನ್ನು ನಂಬಬೇಡಿ; ತಲೆಗೆ ಕಟ್ಟುವ ದೀಪ ತಲೆಗೊಂದರಂತೆ ಇರಲಿ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲಿಡಿ. ನ್ಯೂ ಹ್ಯಾಂಪ್‌ಶೈರಿನ ಹೈಕ್ ಸೇಫ್ ಕಾರ್ಡ್ (ಇದಿದ್ದವರು ಸಾಮಾನ್ಯವಾಗಿ ತಮ್ಮನ್ನು ಬೆಟ್ಟದಿಂದ ರಕ್ಷಿಸಿದ ವೆಚ್ಚ ತೆರಬೇಕಿಲ್ಲ) ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35. ಆ ಹಣ ರಕ್ಷಣಾ ತಂಡಗಳಿಗೆ ಸಲ್ಲುತ್ತದೆ. ಹಾದಿಯಲ್ಲಿ ಸಾಧ್ಯವಾದಷ್ಟು ಕಲ್ಲಿನ ಮೇಲೆಯೇ ಹೆಜ್ಜೆಯಿಡಿ. ರಾಬಿನ್ಸ್ ಸಿಂಕ್‌ಫಾಯಿಲ್ ಎಂಬ ಪುಟ್ಟ ಹಳದಿ ಹೂವಿನ ಗಿಡ ಇಡೀ ಜಗತ್ತಿನಲ್ಲಿ ಈ ಬೆಟ್ಟಗಳಲ್ಲಿ ಮಾತ್ರ ಇದೆ. ಚಾರಣದ ಹಾದಿಯನ್ನೇ ಬೇರೆಡೆಗೆ ತಿರುಗಿಸಿ ಅದನ್ನು ಉಳಿಸಿಕೊಂಡರು. 2002ರಲ್ಲಿ ಅದು ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಮಲೆನಾಡಿನ ಇಂಬಳದ ಜಾಗದಲ್ಲಿ ಇಲ್ಲಿ ಉಣುಗು (ಟಿಕ್) ಇದೆ. ಮನೆಗೆ ಬಂದೊಡನೆ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ ಹುಡುಕಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ.

ಹೊಸದಾಗಿ ಶುರುಮಾಡುವವರು ಬಾಸ್ಟನ್ ಪಕ್ಕದ 635 ಅಡಿಯ ಗ್ರೇಟ್ ಬ್ಲೂ ಹಿಲ್‌ನಿಂದ ಆರಂಭಿಸಿ, 2,006 ಅಡಿಯ ವಚೂಸೆಟ್, ಆಮೇಲೆ 3,165 ಅಡಿಯ ಮೊನಾಡ್ನಾಕ್ ಹತ್ತಲಿ. ಮೊನಾಡ್ನಾಕ್‌ನ ತುದಿ ಬೋಳು ಬಂಡೆ, ಆದ್ದರಿಂದ ಗಾಳಿಯ ಪಾಠ ಅಲ್ಲೇ ಸಿಗುತ್ತದೆ. ಊರಿನಿಂದ ಬಂದಿರುವ ತಂದೆತಾಯಿಗೆ ವಚೂಸೆಟ್ ಒಳ್ಳೆಯದು: ಬೇಸಿಗೆಯಲ್ಲಿ ತುದಿಯವರೆಗೂ ಕಾರು ಹೋಗುತ್ತದೆ. ಮಕ್ಕಳು, ಮೊಮ್ಮಕ್ಕಳು ನಡೆದು ಹತ್ತಿ ಬರಲಿ, ಹಿರಿಯರು ಬುತ್ತಿಯೊಂದಿಗೆ ಕಾರಿನಲ್ಲಿ ಬರಲಿ, ಊಟ ಎಲ್ಲರೂ ಮೇಲೆಯೇ ಮಾಡಲಿ. ಕಾರಿನಲ್ಲಿ ಬರುವವರ ಹತ್ತಿರವೂ ಗಾಳಿ ತಡೆಯುವ ಜಾಕೆಟ್ ಇರಬೇಕು. ನಡೆದು ಬಂದವರಿಗಿಂತ ಕುಳಿತು ಕಾಯುವವರಿಗೆ ಬೇಗ ಚಳಿ ಹಿಡಿಯುತ್ತದೆ.